ಉದ್ದದ ಇಂಗ್ಲಿಷ್ ಪದವನ್ನು ಎಲ್ಲಿ ಮುರಿಯಬೇಕು?

ಕಲಬುರಗಿಯಲ್ಲಿ ಇಂಗ್ಲಿಷ್ ಟ್ಯೂಷನ್ ಹೇಳುವ ನನ್ನ ಬಳಿಗೆ ಸೇಡಂ, ಜೇವರ್ಗಿ, ಚಿತ್ತಾಪುರ ಕಡೆಯಿಂದ ಬರುವ ಹುಡುಗರು ಮೊದಲ ವಾರದಲ್ಲೇ ಕೇಳುತ್ತಾರೆ: 'ಸರ್, ಇಷ್ಟುದ್ದದ ಪದವನ್ನು ಎಲ್ಲಿ ಮುರಿಯಬೇಕು, ಎಲ್ಲಿ ಒತ್ತಬೇಕು?'

ಮುರಿಯುವುದು ನಿಮಗೆ ಗೊತ್ತೇ ಇದೆ. ಹೈಸ್ಕೂಲಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದವರು ನೀವು. ಅಂಗೈಯನ್ನು ಗದ್ದದ ಕೆಳಗಿಟ್ಟು ಪದ ಹೇಳಿ. ಗದ್ದ ಎಷ್ಟು ಸಲ ಇಳಿಯಿತೋ ಅಷ್ಟು ತುಂಡು. 'ಇನ್ಫರ್ಮೇಷನ್' ನಾಲ್ಕು. ಒಂದು ತುಂಡಿಗೆ ಒಂದು ಸ್ವರ. 'ಸ್ಟೇಷನ್' ಎರಡೇ, ನಮ್ಮಲ್ಲಿ ಕೆಲವರು ಮುಂದೊಂದು ಇಕಾರ ಅಂಟಿಸಿ 'ಇಸ್ಟೇಷನ್' ಎಂದು ಮೂರು ಮಾಡುತ್ತಾರೆ.

ಪೇಚಿರುವುದು ಒತ್ತಿನಲ್ಲಿ. 'ಡೆವಲಪ್ ಪದದ ಎರಡನೆಯ ತುಂಡಿಗೆ ಒತ್ತು ಕೊಡು' ಎಂದೆ ಒಬ್ಬನಿಗೆ. ತುಸು ಯೋಚಿಸಿ 'ಡೆವೆಲ್ಲಪ್' ಎಂದ. ಅವನ ತಪ್ಪೇನು? ಒತ್ತು ಎಂದರೆ ಅವನಿಗೆ ಅಕ್ಷರದ ಕೆಳಗೆ ತೂಗುವ ಒತ್ತಕ್ಷರ. ಅಂದಿನಿಂದ ನಾನು 'ದನಿ ಏರಿಸು' ಎನ್ನುತ್ತೇನೆ. ಡಿ-ವೆಲ್-ಅಪ್: 'ವೆಲ್' ಏರಬೇಕು, ಅಕ್ಕಪಕ್ಕದವು ಸೊರಗಬೇಕು.

ಈ ಸೊರಗಿಸುವುದೇ ನಮಗೆ ಬರುವುದಿಲ್ಲ. ಕನ್ನಡದ ನಾಲಿಗೆ ಪಂಕ್ತಿಯಲ್ಲಿ ಬಡಿಸಿದಂತೆ ಪ್ರತಿ ಸ್ವರಕ್ಕೂ ಅದರ ಪಾಲು ಹಾಕುತ್ತದೆ. ಇಂಗ್ಲಿಷಿನಲ್ಲಿ ಒಬ್ಬರ ಹೋಳಿಗೆಗೆ ತುಪ್ಪ ಸುರಿದು ಉಳಿದವರಿಗೆ ನೀರುಮಜ್ಜಿಗೆ. 'ಫೋಟೊಗ್ರಾಫ್' ಎಂದಾಗ ತುಪ್ಪ 'ಫೋ'ಗೆ. ಅದೇ ಪದಕ್ಕೆ ಕೊನೆಯಲ್ಲೊಂದು 'ಇ' ಸೇರಿದರೆ ತುಪ್ಪ ಎರಡನೆಯ ತುಂಡಿಗೆ ಹೋಗಿ, 'ಫೋ' ಬಡವಾಗಿ 'ಫ' ಆಗುತ್ತದೆ: ಫ-ಟಾಗ್-ರ-ಫಿ. 'ಫೋಟೊಗ್ರಾಫಿಕ್'ನಲ್ಲಿ ಮೂರನೆಯದರ ಸರದಿ.

ಹಾಗಾಗಿ ಮೊದಲು ಪದದ ಬಾಲ ನೋಡಿ. 'ಷನ್', 'ಇಕ್', 'ಇಟಿ' ಬಾಲಗಳಿದ್ದರೆ ಸಾಮಾನ್ಯವಾಗಿ ಅವುಗಳ ಹಿಂದಿನ ತುಂಡಿಗೇ ದನಿ: 'ಎಜುಕೇಷನ್'ನಲ್ಲಿ 'ಕೇ', 'ಯೂನಿವರ್ಸಿಟಿ'ಯಲ್ಲಿ 'ವರ್'. 'ಪಾಲಿಟಿಕ್ಸ್' ಈ ನಿಯಮಕ್ಕೆ ಬಗ್ಗುವುದಿಲ್ಲ, ಅದರ ಸ್ವಭಾವವೇ ಹಾಗೆ. ದನಿ ಮೊದಲ 'ಪಾ' ಮೇಲೆಯೇ. ಅನುಮಾನ ಬಂದರೆ ಆಕ್ಸ್‌ಫರ್ಡ್ ನಿಘಂಟು ತೆರೆಯಿರಿ. ಉಚ್ಚಾರಣೆಯ ಸಾಲಿನಲ್ಲಿ, ಮೇಲ್ಗಡೆ, ಸಣ್ಣದೊಂದು ಗೀಟಿರುತ್ತದೆ; ಅದರ ಮುಂದಿನ ತುಂಡಿಗೆ ದನಿ. ನನ್ನ ಹುಡುಗರಲ್ಲಿ ಹಲವರು ಅದನ್ನು ಅಚ್ಚಿನ ಕಲೆ ಎಂದುಕೊಂಡಿದ್ದರು.

'ಹೋಟೆಲ್'ನಲ್ಲಿ ಇಂಗ್ಲಿಷರ ದನಿ ಏರುವುದು 'ಟೆಲ್' ಮೇಲೆ. ಸಂದರ್ಶನದಲ್ಲಿ ಹಾಗೆಯೇ ಹೇಳಿ. ಸೂಪರ್ ಮಾರ್ಕೆಟ್ ಕಡೆ ಸುಸಲಾ, ಮಿರ್ಚಿ ತಿನ್ನಲು ಹೊರಟಾಗ ಬೇಡ; ಅದು ನಮ್ಮ ಹೋಟೆಲು.