ಪುಟ್ಟ ರಾಜ್ಯಕ್ಕೆ ಸೈನ್ಯ ಕಟ್ಟುವವರಿಗೆ

ಕಾಲ್ಪನಿಕ ದೇಶಕ್ಕೊಂದು ಸೈನ್ಯ ಬರೆಯುವವರು ಬಾವುಟ, ಸಮವಸ್ತ್ರಗಳಿಂದ ಶುರು ಮಾಡ್ತಾರೆ. ಪಗಾರದ ಪಟ್ಟಿಯಿಂದ ಶುರು ಮಾಡ್ರಿ. ಮಾದರಿ ನಮ್ಮ ಬೀದರದಾಗೇ ಅದ.

ಕಲಬುರಗಿ ರಾಜಧಾನಿಯಾಗಿದ್ದ ಕಾಲದಲ್ಲೇ ಬಹಮನಿ ರಾಜ್ಯ ನಾಲ್ಕು ತರಫ್ (ಪ್ರಾಂತ್ಯ) ಆಗಿತ್ತು. ಕಂದಾಯ, ಕೋಟೆ, ಸೈನಿಕರು ಮೂರೂ ತರಫದಾರನ ಕೈಯಲ್ಲಿ. ಅಂಥವನು ಸುಲ್ತಾನನ ಮಾತು ಎಷ್ಟು ದಿನ ಕೇಳಿಯಾನು? ರಾಜಧಾನಿ ಬೀದರಿಗೆ ಬಂದ ಮೇಲೆ ಪ್ರಧಾನಿಯಾದ ಮಹಮೂದ್ ಗವಾನ್ ನಾಲ್ಕನ್ನು ಎಂಟು ಮಾಡಿದ. ತರಫದಾರನಿಗೆ ಒಂದೇ ಕೋಟೆ ಬಿಟ್ಟು, ಉಳಿದವಕ್ಕೆ ಕಿಲ್ಲೇದಾರರನ್ನು (ಕೋಟೆ ಅಧಿಕಾರಿಗಳನ್ನು) ಬೀದರಿನಿಂದಲೇ ನೇಮಿಸಿದ.

ನನಗೆ ದೊಡ್ಡದು ಅನಿಸೋದು ಹಾಜರಿಯ ಲೆಕ್ಕ. 500 ಸೈನಿಕರ ಸರದಾರನಿಗೆ ವರ್ಷಕ್ಕೆ 1 ಲಕ್ಷ ಹೊನ್ನು (ಚಿನ್ನದ ನಾಣ್ಯ) ಇತ್ತು; ಅದನ್ನು 1.25 ಲಕ್ಷಕ್ಕೆ ಏರಿಸಿದ. ತಲೆಗೆ 250 ಹೊನ್ನು. ಎಣಿಕೆಯಲ್ಲಿ 40 ಮಂದಿ ಕಡಿಮೆ ಬಿದ್ದರೆ 10,000 ಹೊನ್ನು ಕಡಿತ. ಕಾಗದದಲ್ಲಷ್ಟೇ ಬದುಕಿರುವ ಸೈನಿಕರ ಪಗಾರ ಸರದಾರನ ಜೇಬಿಗೆ ಹೋಗೋದು ಹೀಗೆ ನಿಲ್ಲಬೇಕಿತ್ತು. ಮೊದಲು ಏರಿಸಿ ಆಮೇಲೆ ಬಿಗಿ ಮಾಡಿದ್ದು ಜಾಣತನ. ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾ ನೋಡಲು ಬರುವವರಿಗೆ ಈ ಲೆಕ್ಕವನ್ನೂ ಹೇಳಬೇಕು.

ಕೆಟ್ಟದ್ದು ದರಬಾರಿನಲ್ಲಿ. ದಖನಿ (ಇಲ್ಲೇ ನೆಲೆಸಿದ್ದ) ಮತ್ತು ಪರದೇಶಿ (ಇರಾನ್ ಮುಂತಾದ ಕಡೆಯಿಂದ ಬಂದ) ಸರದಾರರ ನಡುವಿನ ಹಗೆ ಹಾಗೇ ಉಳಿಯಿತು. ಸುಳ್ಳು ಪತ್ರವೊಂದರ ಮೇಲೆ 1481ರಲ್ಲಿ ಗವಾನನ ತಲೆ ತೆಗೆದರು. 1490ರ ಹೊತ್ತಿಗೆ ಬಿಜಾಪುರ, ಅಹಮದನಗರಗಳು ಕೈತಪ್ಪಿದ್ದವು.