ಒಂದು ನಿಮಿಷದ ವಿಡಿಯೋಗೆ ಅಷ್ಟೊಂದು ದುಡ್ಡೇ?

ಅಡುಗೆಯ ರೀಲ್ಸ್ ಮಾಡುವ ನನ್ನನ್ನು ಮದುವೆಮನೆಯ ಊಟದ ಪಂಕ್ತಿಯಲ್ಲೂ ಬಿಡದೆ ಕಾಡುವ ಪ್ರಶ್ನೆ ಇದು: ‘ಅಲ್ಲಾ, ಪಾಪ, ಸಣ್ಣ ಕಂಪನಿಯವರ ಹತ್ತಿರವೂ ಒಂದು ನಿಮಿಷದ ವಿಡಿಯೋಗೆ ಅಷ್ಟೊಂದು ದುಡ್ಡು ಕೇಳ್ತೀರಂತೆ?’ ಹೌದು, ಕೇಳುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ, ಬೇಸರವಾದರೆ ಆಗಲಿ.

ನಿಮಿಷದ ಲೆಕ್ಕವನ್ನು ಮೊದಲು ಮುಗಿಸೋಣ. ಹಲ್ಲು ಕೀಳಲು ಐದೇ ನಿಮಿಷ ಹಿಡಿಯಿತೆಂದು ದಂತವೈದ್ಯರೊಂದಿಗೆ ಚೌಕಾಸಿ ಮಾಡಿದವರನ್ನು ನಾನಂತೂ ಕಂಡಿಲ್ಲ.

ಒಮ್ಮೆ ಗಾಣದ ಎಣ್ಣೆಯ ಕಂಪನಿಯೊಂದರ ಮಾಲೀಕರು ಫೋನ್ ಮಾಡಿದ್ದರು. ‘ಮೇಡಂ, ಈಗಷ್ಟೇ ಶುರು ಮಾಡಿದೀವಿ, ನೀವೂ ನಮ್ಮ ಕನ್ನಡದವರು, ಐದು ಲೀಟರ್ ಕಡಲೆಕಾಯಿ ಎಣ್ಣೆ ಕಳಿಸ್ತೀವಿ, ಒಂದು ವಿಡಿಯೋ ಹಾಕಿಬಿಡಿ’ ಎಂದರು. ಬಾಟಲಿ ಕೊಡುವವರಿಗೆ, ಲೇಬಲ್ ಮುದ್ರಿಸುವವರಿಗೆ, ಕೊರಿಯರ್‌ನವರಿಗೆ ಅವರು ಎಣ್ಣೆ ಅಳೆದು ಕೊಡುತ್ತಿರಲಿಲ್ಲ ಎಂಬುದು ನನಗೆ ಖಾತ್ರಿಯಿತ್ತು. ಕನ್ನಡದ ಅಭಿಮಾನವೆಲ್ಲ ನನ್ನ ಬಿಲ್ಲಿನ ಹತ್ತಿರ ಬಂದಾಗಲೇ ಏಕೆ ಉಕ್ಕುತ್ತದೋ ತಿಳಿಯದು. ಬಿಟ್ಟಿ ಎಣ್ಣೆಯಾದರೂ ಅದು ಜಾಹೀರಾತೇ. ಹಣ ಪಡೆಯದಿದ್ದರೂ, ಉಚಿತವಾಗಿ ವಸ್ತು ಪಡೆದಿದ್ದರೆ ಅದನ್ನು ನೋಡುಗರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಹೇಳಿದೆ. 2022ರ ಜುಲೈ 1ರಿಂದ, ಹೀಗೆ ಬಂದು ನಾವೇ ಇಟ್ಟುಕೊಂಡ ವಸ್ತುಗಳ ಬೆಲೆ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ. 10ರಷ್ಟು ಟಿಡಿಎಸ್, ಅಂದರೆ ಕೊಡುವವರೇ ಮೊದಲು ಕಟ್ಟಿಸಬೇಕಾದ ಆದಾಯ ತೆರಿಗೆ, ಕೂಡ ಉಂಟು. ಐದು ಲೀಟರ್ ಎಣ್ಣೆ ಅಲ್ಲಿಯವರೆಗೆ ಹೋಗುವುದಿಲ್ಲ, ಒಪ್ಪಿದೆ. ಆದರೆ ಮಿಕ್ಸಿ, ಓವನ್‌ಗಳನ್ನು ‘ಗಿಫ್ಟ್’ ಎಂದು ಕಳುಹಿಸುವವರು ಇದನ್ನು ಅರಿತಿರುವುದು ಒಳ್ಳೆಯದು.

ಮಾತಿನ ನಡುವೆ ಅವರು ಇನ್ನೊಂದು ಕೋರಿಕೆಯನ್ನು ತೇಲಿಸಿದರು: ‘ಕೊಲೆಸ್ಟ್ರಾಲ್ ಕರಗುತ್ತೆ ಅಂತ ಒಂದು ಮಾತು ಸೇರಿಸಿಬಿಡಿ.’ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ದಾರಿ ತಪ್ಪಿಸುವ ಜಾಹೀರಾತನ್ನು ಅನುಮೋದಿಸಿದವರಿಗೂ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಬೀಳಬಹುದು. ಐದು ಲೀಟರ್ ಎಣ್ಣೆಯ ಪಕ್ಕದಲ್ಲಿ ಆ ಅಂಕಿಯನ್ನು ಇಟ್ಟು ನೋಡಿ, ಆಮೇಲೆ ನನ್ನ ದರ ಹೆಚ್ಚೆನ್ನಿ. ಆ ಮಾತನ್ನು ಯಾವ ಬೆಲೆಗೂ ಹೇಳುವುದಿಲ್ಲವೆಂದೆ.

ಎಷ್ಟು ಎಂದು ಕೇಳುವ ಬದಲು, ‘ಈ ವಿಡಿಯೋವನ್ನು ನಾವು ಎಲ್ಲೆಲ್ಲಿ, ಎಷ್ಟು ದಿನ ಬಳಸಬಹುದು?’ ಎಂದು ಯಾರಾದರೂ ಕೇಳಿದ್ದರೆ ಸಂತೋಷದಿಂದ ಕುರ್ಚಿ ಎಳೆದು ಕೂರಿಸುತ್ತಿದ್ದೆ, ಏಕೆಂದರೆ ಬೆಲೆ ನಿರ್ಧಾರವಾಗುವುದೇ ಅಲ್ಲಿ. ನನ್ನ ಪುಟದಲ್ಲಿ ಮಾತ್ರ ಇರುವ ವಿಡಿಯೋ ಒಂದು ದರ. ಅದನ್ನೇ ಕಂಪನಿಯವರು ಹಣ ಕಟ್ಟಿ ಜಾಹೀರಾತಾಗಿ ಊರೆಲ್ಲ ಓಡಿಸುವುದಾದರೆ, ತಮ್ಮ ವೆಬ್‌ಸೈಟಿನಲ್ಲಿ ನನ್ನ ಮುಖವನ್ನು ಶಾಶ್ವತವಾಗಿ ಇಟ್ಟುಕೊಳ್ಳುವುದಾದರೆ ಬೇರೆ ದರ. ಮೂರು ತಿಂಗಳು ಬೇರೆ ಯಾವ ಎಣ್ಣೆಯವರಿಗೂ ಕೆಲಸ ಮಾಡಬಾರದೆಂದರೆ, ನಾನು ಬಿಟ್ಟುಕೊಡುವ ಆ ಮೂರು ತಿಂಗಳ ಸಂಪಾದನೆಗೂ ಬೆಲೆ ಕಟ್ಟಲೇಬೇಕು. ಸಣ್ಣ ಕಂಪನಿಯ ಕೈ ಬಿಗಿಯಾಗಿದ್ದರೆ ನಾನು ಕಡಿಮೆ ಮಾಡುವುದು ಈ ಹಕ್ಕುಗಳನ್ನು, ಅದೇ ಕೆಲಸದ ದರವನ್ನಲ್ಲ. ಮಾರಾಟದ ಮೇಲಿನ ಕಮಿಷನ್ನನ್ನು ಶುಲ್ಕದ ಜೊತೆಗೆ ಮಾತ್ರ ಒಪ್ಪುತ್ತೇನೆ, ಮಾರಾಟದ ಲೆಕ್ಕದ ಪುಸ್ತಕ ಅವರ ಬಳಿ ಇರುತ್ತದೆ ನೋಡಿ.

ಎಣ್ಣೆಯವರಿಗೂ ಹೀಗೆಯೇ ಬಿಡಿಸಿ ಇಮೇಲ್ ಬರೆದೆ: ನನ್ನ ಪುಟದಲ್ಲಿ ಮಾತ್ರ, ಎರಡು ತಿದ್ದುಪಡಿ, ಚಿತ್ರೀಕರಣಕ್ಕೆ ಮುನ್ನ ಅರ್ಧ ಹಣ. ಒಪ್ಪಿದರು. ಕೆಲವು ವಾರಗಳ ಬಳಿಕ ಅದೇ ವಿಡಿಯೋವನ್ನು ಜಾಹೀರಾತಾಗಿ ಓಡಿಸಲು ಅನುಮತಿ ಕೇಳಿದಾಗ ತಿಂಗಳಿಗಿಷ್ಟೆಂದು ಪ್ರತ್ಯೇಕ ದರ ಹೇಳಿದೆ. ಚೌಕಾಸಿ ಆಗಲೂ ನಡೆಯಿತು, ಆದರೆ ತಿಂಗಳುಗಳ ಮೇಲೆ; ಅವರು ಮೂರು ಎಂದರು, ನಾನು ಎರಡು ಎಂದೆ.