ಗಾಲಿಚ್ನಿಕ್ ಮಾದರಿ, ಐದನೇ ವಾರ: ಮೂರು ಗುಂಡುಸೂಜಿ

ಅಂತೂ ಬೆಟ್ಟ ಮುಗಿಯಿತು. ರಟ್ಟಿನ ಬೆಟ್ಟ, ಬಿಡಿ. ಉತ್ತರ ಮ್ಯಾಸಿಡೋನಿಯಾದ ಪಶ್ಚಿಮಕ್ಕೆ, ಬಿಸ್ತ್ರಾ ಪರ್ವತದ ಮಗ್ಗುಲಲ್ಲಿ ಗಾಲಿಚ್ನಿಕ್ ಅಂತ ಒಂದು ಹಳ್ಳಿ ಇದೆ. ನಾನು ಮಾಡುತ್ತಿರುವುದು ಅದರ ಮಾದರಿ. ಅಳತೆ 1:10,000. ರಟ್ಟಿನ ದಪ್ಪ 3 ಮಿ.ಮೀ., ಹಾಗಾಗಿ ಒಂದು ಪದರ ಅಂದರೆ 30 ಮೀಟರ್ ಎತ್ತರ. ಲೆಕ್ಕ ಸುಲಭ. 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಾಕಿ ಅಳೆದ ಎತ್ತರಗಳು ಪುಕ್ಕಟೆ ಸಿಗುತ್ತವೆ, ಅದನ್ನೇ ಹಿಡಿದು ಕತ್ತರಿಸಿದೆ.

ಒಂದು ಎಡವಟ್ಟು ಆಯಿತು. ಅಂಟಿಗೆ ನೀರು ಜಾಸ್ತಿ ಬೆರೆಸಿದ್ದೆ, ಮೇಲಿನ ನಾಲ್ಕು ಪದರ ಹಪ್ಪಳದ ಹಾಗೆ ಸೊಟ್ಟಗಾದವು. ರಾತ್ರಿಯಿಡೀ ಅದರ ಮೇಲೆ ರುಬ್ಬುಗುಂಡು ಕೂರಿಸಿದ್ದೆ, ಬೆಳಿಗ್ಗೆ ನೋಡಿದರೆ ಪರವಾಗಿಲ್ಲ ಅನ್ನುವಷ್ಟು ಮಟ್ಟಸವಾಗಿತ್ತು.

ಕೈಯಲ್ಲಿ ಕತ್ತರಿಸಿದಾಗಲೇ ಆ ಜಾಗ ಅರ್ಥವಾಗಿದ್ದು. ಕೆಳಗೆ ರಾದಿಕಾ ನದಿಯ ಆಳದ ಕಣಿವೆ, ಸುಮಾರು 1,400 ಮೀಟರ್ ಎತ್ತರದಲ್ಲಿ ಊರು, ಅದರ ಮೇಲೆ ಬಿಸ್ತ್ರಾದ ಹುಲ್ಲುಗಾವಲು. ಊರಿನ ಕೆಳಗೆ ಪದರಗಳು ಎಷ್ಟು ಒತ್ತಾಗಿ ಬರುತ್ತವೆ ಅಂದರೆ ಬ್ಲೇಡು ಆಡಿಸಲು ಜಾಗವೇ ಇಲ್ಲ. ಅಲ್ಲಿ ಉಳುವುದೆಲ್ಲಿ? ಕುರಿಯೇ ಗತಿ. ಅಲ್ಲಿನ ಮಿಯಾಕ್ ಜನ ಬೇಸಿಗೆಯಲ್ಲಿ ಮೇಲೆ ಕುರಿ ಮೇಯಿಸಿ, ಚಳಿಗಾಲಕ್ಕೆ ದೂರದ ಥೆಸಲೋನಿಕಿ ಬಯಲಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಎರಡೂ ಕಡೆ ಒಟ್ಟೊಮನ್ ಆಳ್ವಿಕೆ ಇರುವವರೆಗೆ ಅದು ನಡೆಯಿತು. 1912-13ರ ಬಾಲ್ಕನ್ ಯುದ್ಧಗಳ ನಂತರ ಊರು ಸರ್ಬಿಯಾಕ್ಕೆ, ಆ ಬಯಲು ಗ್ರೀಸಿಗೆ. ಕುರಿಗಳಿಗೆ ಗಡಿ ಅಡ್ಡ ಬಂತು.

ಅದಕ್ಕೂ ಮುಂಚಿನಿಂದಲೇ ಗಂಡಸರು ದುಡಿಯಲು ಹೊರಗೆ ಹೋಗುತ್ತಿದ್ದರು. ಅದಕ್ಕೆ ಅಲ್ಲಿ ಪೆಚಾಲ್ಬಾ ಅನ್ನುತ್ತಾರೆ. ಗಾರೆ ಕೆಲಸ, ಚಿತ್ರ, ಮರದ ಕೆತ್ತನೆ. ಸ್ಕೋಪ್ಯೆಯ ಪವಿತ್ರ ರಕ್ಷಕನ ಚರ್ಚಿನಲ್ಲಿ 1824ರಲ್ಲಿ ಮುಗಿದ ಕೆತ್ತನೆಯ ಮರದ ತೆರೆಯಿದೆ. ಅದನ್ನು ಮಾಡಿದವರಲ್ಲಿ ಮಕಾರಿಯೆ ಫ್ರ್ಚ್‌ಕೋವ್ಸ್ಕಿ ಈ ಊರಿನವನು. ಸಂತರ ನಡುವೆ ಆ ಕುಶಲಕರ್ಮಿಗಳು ತಮ್ಮನ್ನೂ ಕೆತ್ತಿಕೊಂಡಿದ್ದಾರೆ, ಕೈಯಲ್ಲಿ ಹತಾರ ಹಿಡಿದು! ನನಗೆ ಬಹಳ ಇಷ್ಟವಾದದ್ದು ಅದೇ.

ಈಗ ತಲೆನೋವಿಗೆ ಬರೋಣ. ಹತ್ತು ಜನಕ್ಕೆ ಒಂದು ಮಣಿ ಅಂಟಿಸಿ ಜನಸಂಖ್ಯೆ ತೋರಿಸುವುದು ನನ್ನ ಯೋಜನೆ. ಆದರೆ 2002ರ ಜನಗಣತಿಯಲ್ಲಿ ಗಾಲಿಚ್ನಿಕ್‌ನ ಜನಸಂಖ್ಯೆ 3. ಮೂರೇ ಜನ. ಮಣಿಯ ಹತ್ತರಲ್ಲಿ ಮೂರು ಭಾಗವನ್ನು ಎಲ್ಲಿಂದ ತರಲಿ? ಫೋಟೋ ನೋಡಿದರೆ ಇಳಿಜಾರಿನ ತುಂಬ ಎರಡು-ಮೂರು ಅಂತಸ್ತಿನ ಕಲ್ಲು ಮನೆಗಳು. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುತ್ತದೆ, ಬೇಸಿಗೆಗೆ ಅವುಗಳ ಬಾಗಿಲು ತೆರೆಯುತ್ತದೆ.

ಎಲ್ಲಕ್ಕಿಂತ ಜಾಸ್ತಿ ಜನ ಸೇರುವುದು ಪೆಟ್ರೋವ್ಡೆನ್ ಹಬ್ಬದ ಹೊತ್ತಿಗೆ, ಅಂದರೆ ಜುಲೈ 12ರ ಆಸುಪಾಸು. ದುಡಿಯಲು ಹೋದವರು ಆಗ ಊರಿಗೆ ಬರುತ್ತಿದ್ದರಿಂದ ಮದುವೆಗಳೆಲ್ಲ ಆವಾಗಲೇ. ಒಂದೇ ದಿನ ನಲವತ್ತರವರೆಗೂ ಆಗುತ್ತಿದ್ದವಂತೆ. ಊರಿನ ಅರ್ಧ ಹುಟ್ಟುಹಬ್ಬಗಳು ಏಪ್ರಿಲ್‌ನಲ್ಲೇ ಬಂದಿರಬೇಕು ಅಲ್ವಾ? ಈಗಲೂ ಪ್ರತಿ ವರ್ಷ ಒಂದು ಜೋಡಿಗೆ ಅಲ್ಲಿ ಹಳೇ ಪದ್ಧತಿಯಲ್ಲಿ ಮದುವೆ ಮಾಡುತ್ತಾರೆ, ಡೋಲು, ಜುರ್ಲಾ ವಾದ್ಯ ಎಲ್ಲ ಇರುತ್ತದೆ. ನೋಡಲು ಬಂದವರ ನೂಕುನುಗ್ಗಲು ಬೇರೆ.

ಗಂಡಸರು ಅರ್ಧ ವರ್ಷ ಹೊರಗೇ ಇದ್ದ ಊರಿಗೆ ಒಂದೇ ಸಂಖ್ಯೆ ಅಂಟಿಸುವುದು ಸುಮ್ನೆ ಹಟ ಅನಿಸಿತು. ಹಾಗಾಗಿ ಮಣಿಗೆ ಅಂಟು ಹಾಕುವುದಿಲ್ಲ. ಮೂರು ಗುಂಡುಸೂಜಿ ಮಾತ್ರ ಖಾಯಂ ಚುಚ್ಚಿದ್ದೇನೆ. ಉಳಿದದ್ದು ಡಬ್ಬಿಯಲ್ಲಿರುತ್ತದೆ, ಜುಲೈ ಬಂದಾಗ ಸುರಿದು ಆಮೇಲೆ ಎತ್ತಿಡುವುದು. ಮುಂದಿನ ವಾರ ಮನೆಗಳು. ಬೆಂಕಿಕಡ್ಡಿ ಪೊಟ್ಟಣದ ರಟ್ಟು ಸಾಕಾಗುತ್ತದೇನೋ ನೋಡಬೇಕು.